ಕ್ಯಾರಿಯರ್ ಇಲ್ಲದ ಸೈಕಲ್ಲು

ಸೈಕಲ್ ಜೋಡಿಸುವುದರಲ್ಲಿ ಏನಿದೆ ಮಹಾ? ಎರಡು ಚಕ್ರ, ಒಂದು ಚೈನು, ಒಂದು ಸೀಟು, ಹಿಡಿದುಕೊಳ್ಳಲು ಒಂದು ಹ್ಯಾಂಡಲ್ಲು. ವಾಡಿಯ ಪ್ರೌಢಶಾಲೆಯೊಂದರಲ್ಲಿ ವರ್ಷಗಟ್ಟಲೆ ವಿಜ್ಞಾನ ಪಾಠ ಹೇಳಿ, ಸನ್ನೆ, ರಾಟೆ, ಘರ್ಷಣೆ ಎಲ್ಲವನ್ನೂ ಮಕ್ಕಳಿಗೆ ಅರೆದು ಕುಡಿಸಿದ ನನಗೆ ಇದೊಂದು ಕೆಲಸವೇ? ಹೀಗೆಂದು ನನ್ನನ್ನೇ ಕೇಳಿಕೊಂಡೆ. ಅಲ್ಲವೆಂದು ನಾನೇ ಉತ್ತರ ಕೊಟ್ಟೆ. ಹೆಂಡತಿಯನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು. ಅದಕ್ಕೇ ಕೇಳಲಿಲ್ಲ!

ಈ ಹುಚ್ಚಿಗೆ ಒಂದು ಕಾರಣವಿದೆ. ನನ್ನ ಹೆಂಡತಿ ಸುಧಾಳ ತವರು ಚಿಂಚೋಳಿ. ಮದುವೆಯಾದ ವರ್ಷ ನಾಗರಪಂಚಮಿಗೆಂದು ತವರಿಗೆ ಹೋದವಳನ್ನು ಕರೆತರಲು ಹೋಗಿದ್ದೆ. ಮಾವನವರ ಕರಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಅವಳನ್ನು ಕೂಡಿಸಿಕೊಂಡು ಚಂದ್ರಂಪಳ್ಳಿಯ ಕೆರೆಯ ಕಡೆಗೆ ಹೊರಟೆ. ಕೆರೆಯ ಆಚೆ ಒಂದು ಗುಡ್ಡವಿದೆ. ಅದರ ತುದಿಯಿಂದ ನೀರೆಲ್ಲ ಒಂದೇ ನೋಟಕ್ಕೆ ಕಾಣುತ್ತದೆಂದು ಅವಳು ಹುಡುಗಿಯಾಗಿದ್ದಾಗಿನಿಂದ ಕೇಳಿದ್ದಳಂತೆ, ನೋಡಿರಲಿಲ್ಲವಂತೆ. ಗುಡ್ಡದ ಬುಡಕ್ಕೆ ಇನ್ನೇನು ತಲುಪಬೇಕು, ಚೈನು ಹರಿಯಿತು. ಹೊತ್ತು ಮುಳುಗಲು ಬಂದಿತ್ತು. ಹಿಂತಿರುಗಿದೆವು. ದಾರಿಯುದ್ದಕ್ಕೂ ಅವಳು ತಿರುತಿರುಗಿ ಗುಡ್ಡದ ಕಡೆಗೇ ನೋಡುತ್ತಿದ್ದಳು. "ಇನ್ನೊಮ್ಮಿ ಬರೋಣ ತಗೋರಿ" ಎಂದಳು. ಹೂಂ ಎಂದೆ.

ಆ ಇನ್ನೊಮ್ಮೆ ಬರಲೇ ಇಲ್ಲ. ಚುನಾವಣೆ ಡ್ಯೂಟಿ ಬಂತು, ಜನಗಣತಿ ಬಂತು, ಮಗಳ ಪರೀಕ್ಷೆ ಬಂತು, ಅವಳ ಮದುವೆಯೂ ಬಂತು. ಚಿಂಚೋಳಿಗೆ ಹೋದಾಗಲೆಲ್ಲ ಸುಧಾ ಮನೆಯ ಮಾಳಿಗೆ ಹತ್ತಿ ಸೀರೆ ಒಣಹಾಕುವ ನೆವದಲ್ಲಿ ಆ ದಿಕ್ಕಿಗೆ ನೋಡುತ್ತಾ ನಿಲ್ಲುತ್ತಿದ್ದಳು. ಒಂದು ಸೀರೆ ಒಣಹಾಕಲು ಅಷ್ಟು ಹೊತ್ತು ಬೇಡ. ನಾನದನ್ನು ಕೆಳಗಿನಿಂದ ನೋಡುತ್ತಿದ್ದೆ. ಆದರೂ ಮರುದಿನ ಬಸ್ಸು ಹತ್ತಿ ಬಂದುಬಿಡುತ್ತಿದ್ದೆವು.

ಹೀಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಯಾರೋ ಪುಣ್ಯಾತ್ಮ ಕಲ್ಲು, ಬಂಡೆ, ಬೇರು ಯಾವುದನ್ನೂ ಲೆಕ್ಕಿಸದೆ ಸೈಕಲ್ಲಿನಲ್ಲಿ ಗುಡ್ಡ ಹತ್ತಿ ಗುಡ್ಡ ಇಳಿಯುತ್ತಿದ್ದ. ಕುಲುಕಾಟ ನುಂಗುವ ಶಾಕಪ್ ಮುಂದೆಯೂ ಇತ್ತು, ಹಿಂದೆಯೂ ಇತ್ತು. ನಮ್ಮ ಗುಡ್ಡಕ್ಕೆ ತಕ್ಕ ವಾಹನ ಇದೇ ಎಂದು ಆ ಕ್ಷಣವೇ ನಿರ್ಧರಿಸಿದೆ. ಸಿದ್ಧ ಸೈಕಲ್ಲು ನನ್ನ ಯೋಗ್ಯತೆಗೆ ಮೀರಿದ್ದು. ಅಗ್ಗದ ಕಾರ್ಬನ್ ಫ್ರೇಮ್ ತರಿಸಿ ಉಳಿದದ್ದನ್ನು ನಾವೇ ಜೋಡಿಸಿಕೊಂಡರೆ ಎಲ್ಲ ಸಲೀಸು ಎಂದು ಇನ್ನೊಂದು ವಿಡಿಯೊ ಹೇಳಿತು. ಅದನ್ನು ನಂಬಿದೆ.

ಫ್ರೇಮ್ ಬಂದ ದಿನ ಅಂಗಳದ ಫರ್ಸಿ ಕಲ್ಲಿನ ಮೇಲೆ ಪೆಟ್ಟಿಗೆ ಬಿಚ್ಚಿದೆ. ಎದುರು ಮನೆಯ ಗಫೂರ್ ಸಾಹೇಬರು, ರೈಲ್ವೆಯಿಂದ ನಿವೃತ್ತರಾದವರು, ಚಹಾದ ಕಪ್ಪು ಹಿಡಿದೇ ಬಂದರು.

"ಮಾಸ್ತರ್, ಇದು ಪ್ಲಾಸ್ಟಿಕ್ ಏನ್ರಿ?"

"ಕಾರ್ಬನ್ರಿ. ಒಂದು ಬೆರಳಿಲೆ ಎತ್ತಬಹುದು ನೋಡ್ರಿ."

"ಕಾರ್ಬನ್ ಅಂದ್ರ ಇದ್ದಲಿ ಅಲ್ರಿ? ಇದ್ದಲಿ ಮ್ಯಾಲ ಕುಂತು ಹೋಗ್ತೀರಿ?"

ಸುಧಾ ಬಾಗಿಲಲ್ಲಿ ನಿಂತು ಕೇಳಿದಳು: "ಚಕ್ರ ಎಲ್ಲಿ ಅವ ರೀ?"

"ಅವು ಬ್ಯಾರೆ ಬರ್ತಾವ."

"ಸೀಟು?"

"ಅದೂ ಬ್ಯಾರೆ."

"ಮತ್ತ ಇದು ಏನು ಬಂದದ?"

"ಇದೆಲ್ಲಾ ಯಾತಕ್ಕಂತೀ? ಚಂದ್ರಂಪಳ್ಳಿ ಗುಡ್ಡಕ್ಕ ಹೋಗ್ಲಿಕ್ಕೆ. ದಸರಾ ಸೂಟಿಯೊಳಗ" ಎಂದೆ. ಅವಳು ಪೆಟ್ಟಿಗೆಯತ್ತ ಇನ್ನೊಮ್ಮೆ ನೋಡಿ ಒಳಗೆ ಹೋದಳು. ಆದರೆ ಆ ಸಂಜೆ ಚಹಾಕ್ಕೆ ಯಾಲಕ್ಕಿ ಬಿದ್ದಿತ್ತು. ಹಬ್ಬ ಹುಣ್ಣಿಮೆಗಲ್ಲದೆ ನಮ್ಮ ಮನೆಯಲ್ಲಿ ಯಾಲಕ್ಕಿ ಡಬ್ಬಿಯಿಂದ ಹೊರಗೆ ಬರುವುದಿಲ್ಲ.

ಅಂದಿನಿಂದ ನಮ್ಮ ಪಡಸಾಲೆ ಕಾರ್ಖಾನೆಯಾಯಿತು. ಎಡಗಡೆಯ ಪೆಡಲಿನ ತಿರುಪು ಉಲ್ಟಾ ಇರುತ್ತದೆಂದು ತಿಳಿಯದೆ ಒಂದು ಭಾನುವಾರವಿಡೀ ಅದನ್ನು ಬಿಚ್ಚುತ್ತಾ ಬಿಗಿ ಮಾಡುತ್ತಿದ್ದೇನೆಂದುಕೊಂಡೆ. ಬೇರಿಂಗ್ ಕೂಡಿಸುವ ಸಲಕರಣೆ ಶಹಾಬಾದಿನಲ್ಲಿ ಸಿಗಲಿಲ್ಲ, ಚಿತ್ತಾಪುರದಲ್ಲೂ ಸಿಗಲಿಲ್ಲ. ಅಡುಗೆಮನೆಯಲ್ಲಿ ಸಿಕ್ಕಿತು! ಲಟ್ಟಣಿಗೆಯಿಂದ ತಟ್ಟಿದೆ. ಬೇರಿಂಗ್ ಕೂತಿತು, ಲಟ್ಟಣಿಗೆ ಸೀಳಿತು. ಆ ವಾರವೆಲ್ಲ ಚಪಾತಿಗಳು ಭಾರತದ ನಕ್ಷೆಯಂತೆ ಬರುತ್ತಿದ್ದವು, ಕೆಲವಕ್ಕೆ ಅಂಡಮಾನ್ ಕೂಡ ಇತ್ತು.

ಮುಂದಿನ ಫೋರ್ಕಿನ ನಳಿಗೆ ಉದ್ದವಾಗಿ ಬರುತ್ತದೆ. ಸವಾರನಿಗೆ ತಕ್ಕಂತೆ ಅದನ್ನು ಕತ್ತರಿಸಿಕೊಳ್ಳಬೇಕು. ಸ್ಕೇಲು ಹಿಡಿದು ಅಳೆದೆ, ಸೀಮೆಸುಣ್ಣದಿಂದ ಗೆರೆ ಎಳೆದೆ, ಗಂಭೀರವಾಗಿ ಗರಗಸ ಹಿಡಿದೆ. ಕತ್ತರಿಸಿದ ಮೇಲೆ ಗೊತ್ತಾಯಿತು, ಉಳಿಯಬೇಕಾದಷ್ಟನ್ನು ಅಳೆದು ಅದನ್ನೇ ಕತ್ತರಿಸಿ ಹಾಕಿದ್ದೆ! ಹ್ಯಾಂಡಲ್ ತಗ್ಗಿಗೆ ಇಳಿಯಿತು. ಈಗ ಸೈಕಲ್ ಹತ್ತಿದರೆ ದೀರ್ಘದಂಡ ನಮಸ್ಕಾರಕ್ಕೆ ಅರ್ಧ ಬಗ್ಗಿದವನಂತೆ ಕಾಣುತ್ತಿದ್ದೆ.

"ಸವಾರಿನೂ ಆಗ್ತದ, ಭಕ್ತಿನೂ ಆಗ್ತದ" ಎಂದರು ಗಫೂರ್ ಸಾಹೇಬರು.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಈ ಸೈಕಲ್ಲಿನ ಬ್ರೇಕು ರಿಮ್ಮಿಗೆ ಹಿಡಿಯುವುದಲ್ಲ. ಪ್ರತಿ ಚಕ್ರದ ನಡುವೆ ತೆಳ್ಳಗಿನ ಉಕ್ಕಿನ ಡಿಸ್ಕ್ ಇರುತ್ತದೆ, ಬ್ರೇಕು ಅದನ್ನು ಅದುಮಿ ಹಿಡಿಯುತ್ತದೆ. ಅದಕ್ಕೆ ಕೈಯ ಜಿಡ್ಡೂ ತಾಗಬಾರದೆಂದು ವಿಡಿಯೊದವ ಮೂರು ಸಲ ಹೇಳಿದ್ದ. ನಾನು ಮನೆಯಲ್ಲಿ ಮೂವತ್ತು ಸಲ ಹೇಳಿದೆ. ಕಸ ಗುಡಿಸಲು ಬಂದ ಸುಧಾಳ ಸೆರಗು ಆ ಕಡೆ ಹೊರಳಿದರೂ ಸಾಕು, "ಡಿಸ್ಕ್! ಡಿಸ್ಕ್!" ಎಂದು ಕೂಗುತ್ತಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ದೂರದಿಂದ ಹಾದುಹೋಗುತ್ತಿದ್ದಳು.

ಅಂತೂ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನಕ್ಕೆ ಸೈಕಲ್ ಸಿದ್ಧವಾಯಿತು. ನಮ್ಮ ಮನೆಯಲ್ಲಿ ಆ ದಿನ ಈಳಿಗೆಯಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲಕ್ಕೂ ಪೂಜೆ. ಮಡಿ ಉಟ್ಟು, ಫ್ರೇಮಿನ ಮೇಲೆ ಗೋಪಿಚಂದನದಿಂದ ಶಂಖ ಚಕ್ರದ ಮುದ್ರೆ ಒತ್ತಿದೆ. ಹೂವು ಏರಿಸಿದೆ. ಆಗ ಸೂರ್ಯನ ಬೆಳಕು ಡಿಸ್ಕಿನ ಮೇಲೆ ಬಿತ್ತು. ದುಂಡಗೆ, ಥಳಥಳ, ಸುತ್ತಲೂ ಹಲ್ಲು. ಸಾಕ್ಷಾತ್ ಸುದರ್ಶನ ಚಕ್ರ! ನನಗೆ ಭಕ್ತಿ ಉಕ್ಕಿ ಬಂತು. ಕುಂಕುಮ ಹಚ್ಚಲು ಹೋದೆ, ಒಣ ಕುಂಕುಮ ನಿಲ್ಲದೆ ಉದುರಿತು. ಕುಸುಬಿ ಎಣ್ಣೆಯಲ್ಲಿ ಕಲಸಿದೆ. ಮುಂದಿನ ಡಿಸ್ಕಿಗೂ ಹಿಂದಿನ ಡಿಸ್ಕಿಗೂ ಸುತ್ತಲೂ ಬೊಟ್ಟು ಇಟ್ಟೆ. ಚೆನ್ನಾಗಿ ನಿಂತವು.

ಮಂಗಳಾರತಿ ಮುಗಿಯಿತು. ಪ್ರಸಾದಕ್ಕೆ ಬಂದ ಗಫೂರ್ ಸಾಹೇಬರು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ "ಭಾಳ ಖೂಬಸೂರತ್ ಅದ" ಎಂದರು. ಸುಧಾ ಆರತಿ ತಟ್ಟೆ ಕೆಳಗಿಟ್ಟು ಹಿಂದಿನ ಚಕ್ರದ ಕಡೆ ನೋಡಿದಳು.

"ಎಲ್ಲಾ ಛಲೋ ಆಗ್ಯದ. ನಾ ಎಲ್ಲಿ ಕೂಡ್ಬೇಕು?"

ನಾನು ಸೀಟು ನೋಡಿದೆ, ಚಕ್ರ ನೋಡಿದೆ, ನಡುವಿನ ಶಾಕಪ್ ನೋಡಿದೆ. ತಿಂಗಳುಗಟ್ಟಲೆ ಈ ಸೈಕಲ್ಲಿನ ಒಂದೊಂದು ಬೋಲ್ಟಿನ ಬಗ್ಗೆಯೂ ಚಿಂತಿಸಿದ್ದೆ. ಯಾರಿಗಾಗಿ ಕಟ್ಟುತ್ತಿದ್ದೆನೋ ಅವಳಿಗೆ ಜಾಗ ಇಡುವುದನ್ನೇ ಮರೆತಿದ್ದೆ! ಹಿಂದಿನ ಚಕ್ರವೇ ಮೇಲೆ ಕೆಳಗೆ ಕುಣಿಯುವ ಈ ಸೈಕಲ್ಲಿಗೆ ಕ್ಯಾರಿಯರ್ ಕಟ್ಟಲು ಎಲ್ಲೂ ಆಸರೆಯಿಲ್ಲ. ಕಟ್ಟಿದರೂ ಹೆಂಗಸರ ಭಾರ ಹಾಗಿರಲಿ, ಹೆಸರುಬೇಳೆಯ ಚೀಲವೂ ನಿಲ್ಲುವುದಿಲ್ಲ.

"ಸವಾಲ್ ಬರಾಬರ್ ಅದ ಮಾಸ್ತರ್" ಎಂದು ಗಫೂರ್ ಸಾಹೇಬರು ಮೆಲ್ಲನೆ ಜಾಗ ಖಾಲಿ ಮಾಡಿದರು.

"ನೀ ಬಸ್ಸಿನಾಗ ಬಾ. ನಾ ಗುಡ್ಡದ ಹತ್ರ ಸಿಗ್ತೀನಿ" ಎಂದೆ.

"ಗುಡ್ಡಕ್ಕ ಯಾವ ಬಸ್ಸು ಹೋಗ್ತದರೀ?" ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೇ ಕೇಳಿದಳು. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮರುದಿನ ಮೂವರೂ ಹೊರಟೆವು. ನಾನು, ಸುಧಾ, ಸೈಕಲ್ಲು. ಪೂಜೆ ಮಾಡಿದ ಆಯುಧವನ್ನು ಬನ್ನಿ ಮುಡಿಯುವ ತನಕ ಬಳಸಬಾರದೆಂದು ನಮ್ಮಲ್ಲಿ ಪದ್ಧತಿ. ಒಯ್ಯಬಹುದು, ಓಡಿಸುವಂತಿಲ್ಲ. ಚಕ್ರ ಬಿಚ್ಚಿ ಬಸ್ಸಿನೊಳಗೆ ತಂದೆ. ಸರ್ಕಾರ ಹೆಂಗಸರಿಗೆ ಬಸ್ಸು ಉಚಿತ ಮಾಡಿದೆ, ಸೈಕಲ್ಲಿಗೆ ಮಾಡಿಲ್ಲ. ಕಂಡಕ್ಟರ್ ಟಿಕೆಟ್ ಹರಿದುಕೊಟ್ಟ. ಟಿಕೆಟ್ ಇದ್ದ ಸೈಕಲ್ಲು ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತಿತು, ಹೆಂಡತಿ ಸೇಡಂವರೆಗೆ ನಿಂತು ಬಂದಳು! ಆ ಸೈಕಲ್ಲಿನಲ್ಲಿ ಅವಳಿಗೆ ಜಾಗವಿರಲಿಲ್ಲ ಸರಿ, ಅದರಿಂದಾಗಿ ಬಸ್ಸಿನಲ್ಲೂ ಇಲ್ಲದಂತಾಯಿತು. ಸೇಡಂ ದಾಟಿದ ಮೇಲೆ ಸೀಟು ಸಿಕ್ಕಿತು, ಆದರೆ ತೊಡೆಯ ಮೇಲೆ ಎರಡೂ ಚಕ್ರ ಇಟ್ಟುಕೊಳ್ಳಬೇಕಾಯಿತು. ಡಿಸ್ಕಿನ ಕುಂಕುಮ ಅವಳ ಸೀರೆಗೆ ಹತ್ತಿತು. ಸೀರೆ ಕೆಡಬಾರದೆಂದು ನಾನು ಕರವಸ್ತ್ರದಿಂದ ಎರಡೂ ಡಿಸ್ಕ್ ಒರೆಸಿದೆ. ಬೊಟ್ಟಿನಷ್ಟಿದ್ದ ಎಣ್ಣೆ ಈಗ ಡಿಸ್ಕಿನ ತುಂಬ ಹರಡಿತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಸಂಜೆ ಚಿಂಚೋಳಿಯ ಮಾವನ ಮನೆಯಲ್ಲಿ ಬನ್ನಿ ಕೊಟ್ಟದ್ದಾಯಿತು. ಮರುದಿನ ಬೆಳಿಗ್ಗೆ ಸುಧಾ ಚೂಡಿದಾರ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ಬಂದಳು. ಕೈಯಲ್ಲಿ ಅಪ್ಪನ ಅದೇ ಕರಿ ಸೈಕಲ್ಲು. ತೊಗರಿ ಹೊಟ್ಟಿನ ಚೀಲಗಳ ಹಿಂದಿನಿಂದ ಎಳೆದು ತಂದು, ಗಾಳಿ ಹಾಕಿಸಿ, ಒರೆಸಿದ್ದಳು.

"ಇದನ್ನ ಯಾರು ಹೊಡೀತಾರ?"

"ನಾ ಹೊಡೀತೀನಿ."

"ನಿನಗ ಸೈಕಲ್ ಬರ್ತದ?"

"ಸಾಲ್ಯಾಗಿದ್ದಾಗಿಂದ ಬರ್ತದ. ನೀವು ಕೇಳೇ ಇಲ್ಲ" ಎಂದು ಹತ್ತಿ ಹೊರಟೇಬಿಟ್ಟಳು.

ನಾನು ನಮಸ್ಕಾರದ ಭಂಗಿಯಲ್ಲಿ ಹಿಂದೆ ಹೊರಟೆ. ದಾರಿ ಸಮವಾಗಿತ್ತು, ನನ್ನ ವೇಗಕ್ಕೆ ಬ್ರೇಕಿನ ಅಗತ್ಯವೇ ಬೀಳಲಿಲ್ಲ. ಕೆರೆ ದಾಟಿದ ಮೇಲೆ ಗುಡ್ಡ ಕಂಡಿತು. ಅದರ ಬುಡಕ್ಕೆ ಒಂದು ಇಳಿಜಾರು. ಎಷ್ಟೋ ವರ್ಷಗಳ ಹಿಂದೆ ಚೈನು ಹರಿದದ್ದು ಅಲ್ಲೇ. ನನ್ನ ಎದೆ ತುಂಬಿ ಬಂತು. ಸುಧಾಳನ್ನು ಹಿಂದೆ ಹಾಕಿ ಮುಂದೆ ನುಗ್ಗಿದೆ. ಇಳಿಜಾರಿನ ಅರ್ಧದಲ್ಲಿ ಬ್ರೇಕ್ ಹಿಡಿದೆ.

ಏನೂ ಆಗಲಿಲ್ಲ!

ಎರಡೂ ಕೈಯಿಂದ ಹಿಡಿದೆ. ಸೈಕಲ್ಲು ಇನ್ನೂ ಖುಷಿಯಾಗಿ ಓಡಿತು. "ರಾಘವೇಂದ್ರಾ!" ಎಂದು ಕೂಗಿದ್ದು ನೆನಪಿದೆ. ಆಮೇಲೆ ತೊಗರಿ ಹೊಲ. ಆಳೆತ್ತರದ ತೊಗರಿ ಎರಡೂ ಕೆನ್ನೆಗೆ ಬಾರಿಸುತ್ತಾ ದಾರಿ ಬಿಟ್ಟಿತು. ಶಾಕಪ್‌ಗಳು ಮಾತ್ರ ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡಿದವು, ಬೀಳುವತನಕ ನನಗೆ ಒಂದು ಕುಲುಕಾಟವೂ ಆಗಲಿಲ್ಲ. ಬದುವಿನ ಕಲ್ಲಿಗೆ ಫ್ರೇಮ್ ಬಡಿದು ಹಪ್ಪಳ ಮುರಿದಂಥ ಸದ್ದಾಯಿತು. ನಾನು ಬದುವಿನ ಆಚೆ ಬಿದ್ದಿದ್ದೆ.

ಸುಧಾ ಸೈಕಲ್ ಎಸೆದು ಓಡಿ ಬಂದಳು. ಮೈಕೈ ಮುಟ್ಟಿ ನೋಡಿದಳು. ಮಣಿಕಟ್ಟು ಬಾತಿತ್ತು, ಉಳಿದದ್ದೆಲ್ಲ ನೆಟ್ಟಗಿತ್ತು. ಓಢಣಿಯಿಂದ ಕೈ ಕಟ್ಟಿದಳು. ನಂತರ ಸೈಕಲ್ಲಿನ ಹತ್ತಿರ ಹೋಗಿ, ತಿಂಗಳುಗಟ್ಟಲೆ ಮುಟ್ಟಬಾರದಾಗಿದ್ದ ಡಿಸ್ಕಿಗೆ ನೆಟ್ಟಗೆ ಬೆರಳು ಹಚ್ಚಿ ಮೂಸಿದಳು.

"ಕುಸುಬಿ ಎಣ್ಣಿ" ಎಂದಳು. "ಅಲ್ರೀ, ಎಂಟನೇ ಕ್ಲಾಸಿನ ಹುಡುಗ್ರಿಗೆ ನೀವು ಏನು ಕಲಿಸ್ತೀರಿ?"

"ಘರ್ಷಣೆ."

"ಎಣ್ಣಿ ಹಚ್ಚಿದ್ರ ಏನಾಗ್ತದಂತ?"

"ಕಡಿಮಿ ಆಗ್ತದ."

ಅವಳು ಬದುವಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನನಗೆ ನಗು ಬರಲಿಲ್ಲ. ಫ್ರೇಮು ಎರಡು ತುಂಡಾಗಿತ್ತು. ಆದರೆ ದುಃಖ ಅದಕ್ಕಲ್ಲ. ಈ ಸಲವೂ ಇಲ್ಲಿಯತನಕ ಬಂದು, ಇದೇ ಜಾಗದಿಂದ ಅವಳನ್ನು ಮತ್ತೆ ಮನೆಗೆ ಕರೆದೊಯ್ಯಬೇಕಲ್ಲ ಎಂಬುದಕ್ಕೆ. "ಈ ಸಲಾನೂ ಆಗ್ಲಿಲ್ಲ ಸುಧಾ" ಎಂದೆ.

"ಯಾಕ ಆಗಂಗಿಲ್ಲ? ಕೈಯಷ್ಟೇ ಬಾತದ. ಕಾಲು ನೆಟ್ಟಗ ಅವಲ್ಲ?"

ಮುರಿದ ಸೈಕಲ್ಲನ್ನು ತೊಗರಿಯ ವಶಕ್ಕೆ ಬಿಟ್ಟು, ಕರಿ ಸೈಕಲ್ ತಳ್ಳುತ್ತಾ ನಡೆದೆವು. ಬಂಡಿದಾರಿ ಬಳಸಿ ಬಳಸಿ ಮೇಲೇರಿತು. ಅಲ್ಲಲ್ಲಿ ಕುಳಿತೆವು, ನೀರು ಕುಡಿದೆವು. ಮಾತು ಮುಗಿಯುವುದರೊಳಗೆ ತುದಿಗೆ ಬಂದಿದ್ದೆವು.

ನೀರೆಲ್ಲ ಒಂದೇ ನೋಟಕ್ಕೆ ಕಂಡಿತು, ಅವಳು ಕೇಳಿದ್ದ ಹಾಗೆಯೇ. ಸುಧಾ ಬಹಳ ಹೊತ್ತು ನಿಂತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಮಾಳಿಗೆಯ ಮೇಲೆ ನಿಲ್ಲುತ್ತಿದ್ದ ಹಾಗೇ. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ತಾನು ತಿನ್ನಲಿಲ್ಲ.

"ಇಷ್ಟ ಹತ್ರ ಇತ್ತಲ್ರೀ" ಎಂದಳು.

ಕಾರ್ಬನ್ ಬೇಕಿರಲಿಲ್ಲ, ಶಾಕಪ್ ಬೇಕಿರಲಿಲ್ಲ. ಯಾವುದೇ ಭಾನುವಾರ, ಒಂದು ಬುತ್ತಿ ಕಟ್ಟಿಕೊಂಡು ಬಂದಿದ್ದರೆ ಸಾಕಿತ್ತು. ತಲೆಗೂದಲು ಕರಿಯಿದ್ದ ಆ ಹುಡುಗಿಯನ್ನು ಇಲ್ಲಿ ನಿಲ್ಲಿಸಿ ನೋಡಬೇಕಿತ್ತು. ಈಗ ನಿಂತವಳನ್ನೇ ಕಣ್ತುಂಬ ನೋಡಿದೆ. ಅವಳೂ ತಿರುಗಿ ನೋಡಿ, ನನ್ನ ಮೀಸೆಗೆ ಹತ್ತಿದ್ದ ಹಿಂಡಿ ಒರೆಸಿದಳು.

ಇಳಿಯುವ ಹೊತ್ತಾಯಿತು. ಕಡಿದಾದ ಭಾಗವನ್ನೆಲ್ಲ ನಡೆದೇ ಇಳಿದು, ಅಲ್ಲಿ ಸುಧಾ ಕರಿ ಸೈಕಲ್ ಹತ್ತಿದಳು. ಒಂದು ಕಾಲು ನೆಲಕ್ಕೂರಿ, ಹಿಂದೆ ಕೈ ಚಾಚಿ ಕ್ಯಾರಿಯರ್ ತಟ್ಟಿದಳು.

"ಕೂಡ್ರಿ."

ಗುಡ್ಡದ ಬುಡದ ತನಕ ದಾರಿ ಇನ್ನೂ ಇಳಿಜಾರು. ಕಟ್ಟಿದ ಕೈಯನ್ನೊಮ್ಮೆ ನೋಡಿಕೊಂಡೆ.

"ಬ್ರೇಕ್ ಹಿಡೀತದೇನು?"

"ಹಿಡೀತದ. ಇದಕ್ಕ ನೀವು ಪೂಜಾ ಮಾಡಿಲ್ಲ."

ನಾನು ಕ್ಯಾರಿಯರ್ ಮೇಲೆ ಕುಳಿತೆ. ದಾರಿಯುದ್ದಕ್ಕೂ ಈ ಸಲ ತಿರುತಿರುಗಿ ಗುಡ್ಡ ನೋಡುತ್ತಾ ಬಂದವನು ನಾನೇ.