ಬ್ರೌಸರಿನ ಉಚ್ಚಾಟನೆ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ಬ್ರೌಸರುಗಳಿದ್ದವು. ಒಂದು ನಾನೇ ಆರಿಸಿ, ಇಳಿಸಿ, ಕೂರಿಸಿಕೊಂಡದ್ದು. ಇನ್ನೊಂದು ಕಂಪ್ಯೂಟರಿನ ಜೊತೆಗೇ ಬಂದದ್ದು. ಮೊದಲನೆಯದು ಕರೆದರೆ ಬರುತ್ತಿತ್ತು, ಎರಡನೆಯದು ಕರೆಯದಿದ್ದರೂ ಬರುತ್ತಿತ್ತು. ನನ್ನ ದುಃಖ ಶುರುವಾಗುವುದು ಇಲ್ಲಿಂದ.

ಇವತ್ತು ಬಿಸಿಲೋ ಮೋಡವೋ ಎಂದು ನೋಡಲು ಪರದೆಯ ಮೂಲೆಯ ಚಿತ್ರ ಒತ್ತಿದರೆ ಅದು ಎದ್ದು ಬರುತ್ತಿತ್ತು. 'ಸಹಾಯ' ಎಂಬಲ್ಲಿ ಒತ್ತಿದರೂ ಅದೇ ಬಂದು, ತನ್ನನ್ನೇ ಮುಖ್ಯ ಬ್ರೌಸರ್ ಮಾಡಿಕೊಳ್ಳುವಿರಾ ಎಂದು ವಿನಯದಿಂದ ಕೇಳುತ್ತಿತ್ತು. ಬೇಡ ಎನ್ನಲು ಗುಂಡಿಯೇ ಇರಲಿಲ್ಲ. 'ಆಮೇಲೆ ಕೇಳಿ' ಎಂಬುದೊಂದು ಇತ್ತು. ಆಮೇಲೆ ಎಂದರೆ ಅದರ ಪಂಚಾಂಗದಲ್ಲಿ ಇಪ್ಪತ್ತು ನಿಮಿಷ. (ನನ್ನ ಭಾವಮೈದನೂ ಹೀಗೆಯೇ. ಆದರೆ ಅವನು ಊಟ ಹಾಕಿದರೆ ಹೋಗುತ್ತಾನೆ.)

ನಾನು ಲಿಫ್ಟುಗಳ ತಪಾಸಣಾಧಿಕಾರಿ. ಹಗ್ಗ ಸವೆದ, ಬಾಗಿಲು ಕಚ್ಚುವ, ಎರಡು ಮಹಡಿಗಳ ನಡುವೆ ನಿಂತು ಧ್ಯಾನಕ್ಕೆ ಕೂರುವ ಲಿಫ್ಟುಗಳನ್ನು ಬಂದ್ ಮಾಡಿ, ಕೆಂಪು ಚೀಟಿ ಅಂಟಿಸಿ ಬರುವುದು ಇಪ್ಪತ್ತಾರು ವರ್ಷಗಳಿಂದ ನನ್ನ ವೃತ್ತಿ. ಹದಿನೆಂಟು ಮಹಡಿಗಳ ಕಟ್ಟಡ ಕಟ್ಟಿದವರು ನನ್ನ ಕೆಂಪು ಚೀಟಿ ಕಂಡರೆ ಬೆವರುತ್ತಾರೆ. ಅಂಥ ನನ್ನನ್ನು, ನನ್ನದೇ ಮನೆಯಲ್ಲಿ, ನನ್ನದೇ ಮೇಜಿನ ಮೇಲೆ, ಯಃಕಶ್ಚಿತ್ ಒಂದು ಸಾಫ್ಟ್‌ವೇರು ಲೆಕ್ಕಕ್ಕೇ ಇಡುತ್ತಿರಲಿಲ್ಲ.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಆಗ ಅದು ನನಗೇ ಗೊತ್ತಿರಲಿಲ್ಲ.

ನನ್ನ ಹೆಂಡತಿ ಸಾರ್ವಜನಿಕ ಗ್ರಂಥಾಲಯದಲ್ಲಿ ಹದಿನಾಲ್ಕು ವರ್ಷಗಳಿಂದ ಸಹಾಯಕ ಗ್ರಂಥಪಾಲಕಿ. ಈ ಅವಧಿಯಲ್ಲಿ ಮೂವರು ಮುಖ್ಯ ಗ್ರಂಥಪಾಲಕರು ಬಂದು ಹೋದರು. ಯಾವ ಬೀಗದಕೈ ಯಾವ ಕಪಾಟಿನದು ಎಂದು ಮೂವರಿಗೂ ತೋರಿಸಿಕೊಟ್ಟವಳು ಅವಳೇ. ಆ ಹುದ್ದೆ ನಾಲ್ಕನೆಯ ಸಲ ಖಾಲಿಯಾದಾಗ ಅವಳು ತಾನೂ ಅರ್ಜಿ ಹಾಕಲು ನಿರ್ಧರಿಸಿದಳು. ವಯಸ್ಸಿನ ಮಿತಿಯ ಪ್ರಕಾರ ಇದೇ ಕೊನೆಯ ಅವಕಾಶ. ಅರ್ಜಿಯನ್ನು ಗ್ರಂಥಾಲಯ ಮಂಡಳಿಯ ಜಾಲತಾಣದಲ್ಲೇ ತುಂಬಬೇಕು. ಆರು ಭಾಗಗಳು, ಒಂದೊಂದರಲ್ಲೂ ಪ್ರಬಂಧದಂಥ ಉತ್ತರಗಳು. ನಾನು ಬೆಳಿಗ್ಗೆ ಎಂಟಕ್ಕೆ ಹೊರಟ ಮೇಲೆ ದಿನಕ್ಕೊಂದು ಗಂಟೆಯಂತೆ ಹತ್ತೊಂಬತ್ತು ದಿನ ಕೂತು ಬರೆದಿದ್ದಳು. ಮೊದಲ ದಿನ ತಾನಾಗಿ ತೆರೆದುಕೊಂಡ ಬ್ರೌಸರಿನಲ್ಲೇ ಬರೆದಳು. ತೆರೆದ ಬಾಗಿಲಿರುವಾಗ ಇನ್ನೊಂದನ್ನು ಯಾಕೆ ತಟ್ಟಬೇಕು ಎಂಬುದು ಅವಳ ನ್ಯಾಯ. ಬರೆದದ್ದೆಲ್ಲ ಆ ಬ್ರೌಸರಿನೊಳಗೆ ಮಾತ್ರ ಉಳಿಯುತ್ತದೆ ಎಂದು ಅರ್ಜಿಯ ಕೆಳಗೆ ಸಣ್ಣಕ್ಷರದಲ್ಲಿತ್ತು. ಅವಳು ಅದನ್ನೂ ಓದಿದ್ದಳು. ಓದಿ, ಓದುವ ಮೇಜಿನ ಮೇಲೆ ಮುಗಿಯದ ಪುಸ್ತಕವನ್ನು ತೆರೆದೇ ಇಡುವ ಅಭ್ಯಾಸದಂತೆ, ಆ ಪುಟವನ್ನು ಮುಚ್ಚದೆ ಹಾಗೇ ಬಿಟ್ಟಿದ್ದಳು. ಇನ್ನೊಮ್ಮೆ ಓದಿ, ಕೊನೆಯ ದಿನ ಕಳಿಸುವ ಯೋಜನೆ. ನಮ್ಮ ಜೊತೆಗೇ ಇರುವ ತನ್ನ ತಾಯಿಗೆ, ಅಂದರೆ ನನ್ನ ಅತ್ತೆಗೆ, ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದರೆ ತಿದ್ದಲು ಕೂರುತ್ತೇನೆ ಎಂಬ ಭಯವಂತೆ.

ಕೊನೆಯ ದಿನ ಶನಿವಾರ, ಸಂಜೆ ಐದರವರೆಗೆ. ನಮ್ಮಿಬ್ಬರಿಗೂ ರಜೆ. ನನಗೆ ಜ್ಞಾನೋದಯವಾದದ್ದೂ ಅದೇ ಶನಿವಾರ, ಬೆಳಿಗ್ಗೆ ಹತ್ತೂವರೆಗೆ.

ಮೊದಲು ಭಾವಮೈದನಿಗೆ ಫೋನ್ ಮಾಡಿದೆ. ಅವನು ಕಚೇರಿಗಳ ಕಂಪ್ಯೂಟರ್ ರಿಪೇರಿ ಮಾಡುವವನು.

"ಭಾವ, ಅದರ ತಂಟೆಗೆ ಹೋಗಬೇಡಿ," ಎಂದ. "ಅದು ಪಾಯದ ಕಲ್ಲು ಇದ್ದ ಹಾಗೆ. ಕಾಲಿಗೆ ಎಡವಲ್ಲ ತಾನೆ? ಬಿದ್ದಿರಲಿ ಬಿಡಿ."

"ಎಡವುತ್ತೆ ಕಣಯ್ಯಾ, ದಿನಕ್ಕೆ ಹತ್ತು ಸಲ."

"ಹತ್ತು ಸಲ ದಾಟ್ಕೊಂಡು ಹೋಗಿ."

ಹೆಂಡತಿಯ ತಮ್ಮ ಬೇಡ ಎಂದ ಮೇಲೆ ಅದನ್ನು ಮಾಡದೆ ಬಿಡುವುದು ಯಾವ ಗಂಡಸಿಗೂ ಸಾಧ್ಯವಿಲ್ಲ. ಕಂಪ್ಯೂಟರಿನ ಮುಂದೆ ಕೂತೆ. ನನ್ನ ಬ್ರೌಸರನ್ನು ತೆಗೆದುಹಾಕುವ ಗುಂಡಿ ಕಪ್ಪಗೆ ಹೊಳೆಯುತ್ತಿತ್ತು, ಆ ಇನ್ನೊಂದರ ಗುಂಡಿ ಬೂದಿ ಬಣ್ಣಕ್ಕೆ ತಿರುಗಿ, ಒತ್ತಿದರೂ ಅಲುಗಲಿಲ್ಲ. ಬೇರು ಕೀಳುವ ವಿಧಾನವನ್ನು ಜಾಲದಲ್ಲಿ ಹುಡುಕಿದೆ. ಹುಡುಕಿಕೊಟ್ಟದ್ದು ಅದೇ ಬ್ರೌಸರು. ತನ್ನ ಮರಣಶಾಸನವನ್ನು ತಾನೇ ತೆರೆದು, ಅಕ್ಷರ ಸಣ್ಣದಾಗಿದ್ದರೆ ದೊಡ್ಡದು ಮಾಡಲೇ ಎಂದೂ ಕೇಳಿತು. ಅಷ್ಟಾದರೂ ನನ್ನ ಮನಸ್ಸು ಕರಗಲಿಲ್ಲ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಪದಬಂಧ ಬಿಡಿಸುತ್ತಿದ್ದರು. ನಾನು ಕಪ್ಪು ಪರದೆಯೊಂದನ್ನು ತೆರೆದು ಆಜ್ಞೆಗಳನ್ನು ಟೈಪ್ ಮಾಡತೊಡಗಿದಾಗ ಅವರ ಪೆನ್ಸಿಲು ನಿಂತಿತು.

"ಅಳಿಯಂದ್ರೆ, ಏನದು?"

ಬ್ರೌಸರನ್ನು ತೆಗೆಯುತ್ತಿದ್ದೇನೆ ಎಂದೆ.

"ಅವಳು ಸ್ನಾನಕ್ಕೆ ಹೋಗಿದಾಳೆ. ಬರ್ಲಿ. ಒಂದು ಮಾತು ಕೇಳಿ ತೆಗೀರಿ."

ಇದು ತಾಂತ್ರಿಕ ವಿಷಯ, ಅವಳಿಗೆ ಇದರಲ್ಲಿ ಆಸಕ್ತಿ ಇರಲಾರದು ಎಂದು ಸಮಾಧಾನ ಹೇಳಿದೆ. ಅತ್ತೆ ಬಾಯಿ ತೆರೆದು, ಮಗಳಿಗೆ ಕೊಟ್ಟ ಮಾತು ನೆನಪಾಗಿ ಮುಚ್ಚಿಕೊಂಡು, ಬಚ್ಚಲಮನೆಯ ಕಡೆ ನೋಡಿ, ಕೊನೆಗೆ ಗೋಡೆಗೆ ಹೇಳಿದರು: "ಬೇಲೀಲಿ ಹೋಗೋ ಓತಿಕ್ಯಾತನ್ನ ತಂದು ಕಿವಿಗೆ ಬಿಟ್ಕೊಂಡ್ರಂತೆ." ಪದಬಂಧದ ಯಾವುದೋ ಸುಳಿವಿರಬೇಕು ಎಂದುಕೊಂಡೆ.

ಕಪ್ಪು ಪರದೆ ಒಂದೇ ಒಂದು ಪ್ರಶ್ನೆ ಕೇಳಿತು: ಈ ಬ್ರೌಸರಿನಲ್ಲಿ ಉಳಿಸಿದ ಮಾಹಿತಿಯನ್ನೂ ಅಳಿಸಬೇಕೆ? ನಾನು ಅರೆಬರೆ ಕೆಲಸದವನಲ್ಲ. ಹೌದು ಎಂದೆ. ಹತ್ತು ಐವತ್ತೆರಡಕ್ಕೆ ಉಚ್ಚಾಟನೆ ಸಂಪೂರ್ಣವಾಯಿತು.

ಹತ್ತು ಐವತ್ತೈದಕ್ಕೆ ಹೆಂಡತಿ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ಪರದೆ ನೋಡಿದಳು. ಕೆಳಗಿನ ಪಟ್ಟಿಯಲ್ಲಿ ಎಡಗಡೆ ನೋಡಿದಳು, ಬಲಗಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಸಂಭ್ರಮದಿಂದ ವರದಿ ಒಪ್ಪಿಸಿದೆ. ವರದಿಯ ಮಧ್ಯದಲ್ಲೇ ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡದ್ದು ಯಾಕೆಂದು ನನಗೆ ಅರ್ಥವಾಗಲಿಲ್ಲ. ಅತ್ತೆ ಪದಬಂಧ ಕೆಳಗಿಟ್ಟು ಎಲ್ಲವನ್ನೂ ಹೇಳಿದರು. ಹುದ್ದೆ, ಹತ್ತೊಂಬತ್ತು ದಿನ, ಆರು ಭಾಗ, ಸಂಜೆ ಐದು ಗಂಟೆ.

ಹೆಂಡತಿ ಕೂಗಾಡಲಿಲ್ಲ. ಮೆಲ್ಲಗೆ ಕೇಳಿದಳು: "ಲಿಫ್ಟ್ ಬಂದ್ ಮಾಡೋಕೆ ಮುಂಚೆ ಒಳಗೆ ಯಾರಾದ್ರೂ ಇದಾರಾ ಅಂತ ನೋಡಲ್ವಾ ನೀವು?"

ಇಪ್ಪತ್ತಾರು ವರ್ಷಗಳಲ್ಲಿ ನಾನು ಅಂಟಿಸಿದ ಕೆಂಪು ಚೀಟಿಗಳೆಲ್ಲ ಹಾರಿ ಬಂದು ನನ್ನ ಹಣೆಗೆ ಅಂಟಿದ ಹಾಗಾಯಿತು.

ಭಾವಮೈದನಿಗೆ ಮತ್ತೆ ಫೋನ್ ಮಾಡಿದೆ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಾಕಿ, ಅಪ್‌ಡೇಟ್ ಆಗಲು ಬಿಟ್ಟರೆ ಅದು ತಾನಾಗಿಯೇ ವಾಪಸ್ಸು ಬರುತ್ತದೆ ಎಂದ. ಹಾಗೇ ಬಂತು. ಕಿತ್ತವರ ಮೇಲೆ ಕೋಪವಿಲ್ಲದೆ, ಹೊಸ ಅಂಗಿ ತೊಟ್ಟವರಂತೆ ಬಂದು ಸ್ವಾಗತ ಕೋರಿತು. ಅರ್ಜಿಯ ಪುಟ ತೆರೆದರೆ ಹೆಸರಿನ ಜಾಗದಿಂದ ಹಿಡಿದು ಎಲ್ಲವೂ ಬೋಳು. ಬ್ರೌಸರು ಬಂದಿತ್ತು, ಹತ್ತೊಂಬತ್ತು ದಿನಗಳು ಬಂದಿರಲಿಲ್ಲ.

ಗಂಟೆ ಹನ್ನೊಂದೂ ನಲವತ್ತು. ಹೆಂಡತಿ ಟವೆಲ್ ಬಿಚ್ಚಿ, ಒದ್ದೆ ಕೂದಲನ್ನು ಗಂಟು ಹಾಕಿ, ಕೂತಳು. ನಾನು ಅವಳ ಹಿಂದೆ ನಿಂತೆ. ಮೊದಲ ಭಾಗದ ಎರಡನೆಯ ಸಾಲಿನಲ್ಲಿ ಒಂದು ಅಲ್ಪವಿರಾಮ ಬೇಕೆನಿಸಿತು, ಹೇಳಿದೆ. ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ, ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಕಪಾಟಿನಿಂದ ತನ್ನ ಪ್ರಮಾಣಪತ್ರಗಳ ಕಡತ ತೆಗೆದುಕೊಟ್ಟಳು. ಎಲ್ಲದರದ್ದೂ ಮೂರು ಮೂರು ಜೆರಾಕ್ಸ್ ಬೇಕು, ಮುಖ್ಯರಸ್ತೆಯ ಅಂಗಡಿಯಲ್ಲೇ ಮಾಡಿಸಬೇಕು, ಹತ್ತಿರದ ಅಂಗಡಿಯವನದು ಮಸುಕಾಗಿ ಬರುತ್ತದೆ ಎಂದಳು. ನಾನು ಬಹುತೇಕ ಓಡಿದೆ. ತಪ್ಪು ಮಾಡಿದವನಿಗೆ ಕೆಲಸ ಕೊಡುವುದಕ್ಕಿಂತ ದೊಡ್ಡ ಕರುಣೆಯಿಲ್ಲ.

ತಂದುಕೊಟ್ಟಾಗ ಎಲ್ಲದಕ್ಕೂ ಯಾರಾದರೊಬ್ಬ ಅಧಿಕಾರಿಯ ಸಹಿ ಬೇಕೆಂದಳು. ನನ್ನ ಮೇಲಧಿಕಾರಿಯ ಮನೆ ಊರಿನ ಆ ತುದಿಗೆ. ಮಧ್ಯಾಹ್ನದ ನಿದ್ದೆಯಿಂದ ಅವರನ್ನು ಎಬ್ಬಿಸಿ ಮೂವತ್ತಾರು ಹಾಳೆಗಳಿಗೆ ಸಹಿ ಹಾಕಿಸಿಕೊಂಡೆ. (ಅವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.) ಮರಳಿ ಬಂದರೆ, ರಿಜಿಸ್ಟರ್ ಅಂಚೆ ಎಷ್ಟು ಗಂಟೆಯವರೆಗೆ ತೆಗೆದುಕೊಳ್ಳುತ್ತಾರೆ ಎಂದು ಪೋಸ್ಟಾಫೀಸಿಗೇ ಹೋಗಿ ಕೇಳಿಕೊಂಡು ಬರಬೇಕಾಯಿತು. ಅಲ್ಲಿ ಬಾಗಿಲು ಹಾಕಿತ್ತು. ಹಾಕಿದೆ ಎಂದು ಹೇಳಲು ನಡೆದು ಬಂದೆ. ಅಂಗಿ ಬೆನ್ನಿಗೆ ಅಂಟಿತ್ತು, ಕಾಲಲ್ಲಿ ಬೊಬ್ಬೆ ಎದ್ದಿತ್ತು, ಆದರೆ ಈ ಸಂಸಾರವನ್ನು ದಡ ಸೇರಿಸುತ್ತಿರುವವನು ನಾನೇ ಎಂಬ ಒಂದು ಧೈರ್ಯ ಮೂಡಿತ್ತು.

"ಕಳಿಸಿ ಆಯ್ತು," ಎಂದಳು ಹೆಂಡತಿ. ನಾಲ್ಕು ಐವತ್ತೊಂದು. ಕಡತ ಎಲ್ಲಿಡಲಿ ಎಂದೆ. ಎಲ್ಲಾದರೂ ಇಡಿ ಎಂದಳು.

ಆರು ವಾರಗಳ ನಂತರ ಸಂದರ್ಶನವಾಯಿತು, ಎಂಟನೆಯ ವಾರ ಆದೇಶ ಬಂತು. ಹದಿನಾಲ್ಕು ವರ್ಷಗಳ ಮೇಲೆ ಆ ಬೀಗದಕೈಗಳು ಅವಳದೇ ಆದವು. ನಾನು ಕಚೇರಿಯಲ್ಲಿ ಎಲ್ಲರಿಗೂ ಸುದ್ದಿ ಹೇಳಿದೆ. ನನ್ನ ಪಾತ್ರವನ್ನು ದೊಡ್ಡದು ಮಾಡಲಿಲ್ಲ, ಮೂವತ್ತಾರು ಹಾಳೆಗಳ ಸಂಗತಿಯನ್ನಷ್ಟೇ ಹೇಳಿದೆ.

ಅವಳು ಅಧಿಕಾರ ವಹಿಸಿಕೊಂಡ ದಿನ ಗ್ರಂಥಾಲಯದ ಎರಡನೆಯ ಮಹಡಿಯಲ್ಲಿ ಚಹಾ ಇಟ್ಟುಕೊಂಡಿದ್ದರು. ಮಂಡಳಿಯ ಅಧ್ಯಕ್ಷೆ, ಬಿಳಿ ಕೂದಲಿನ ಹಿರಿಯರು, ನನ್ನ ಬಳಿಗೆ ಬಂದು ಕೈ ಹಿಡಿದುಕೊಂಡರು.

"ಆ ಶನಿವಾರ ಪೋಸ್ಟಾಫೀಸಿಗೆ ಹೋದೋರು ನೀವೇ ಅಲ್ವಾ?"

ನಾನು ನಾಚಿ, ಹೌದು ಎಂದೆ. ಗಂಡನಾದವನು ಅಷ್ಟೂ ಮಾಡದಿದ್ದರೆ ಹೇಗೆ ಎಂದೂ ಸೇರಿಸಿದೆ. ಅವರು ಉಳಿದ ಸದಸ್ಯರನ್ನೂ ಕೈಬೀಸಿ ಕರೆದರು. "ಬನ್ನಿ, ಇವರೇ."

ಎಲ್ಲರೂ ಬಂದು, ಪ್ರದರ್ಶನಕ್ಕಿಟ್ಟ ಹಳೆಯ ಯಂತ್ರವನ್ನು ನೋಡುವ ಗೌರವದಿಂದ ನನ್ನನ್ನು ನೋಡಿದರು. ಅರ್ಜಿಯ ಆರನೆಯ ಭಾಗದಲ್ಲಿ, ಬಿಕ್ಕಟ್ಟಿನ ಹೊತ್ತಿನಲ್ಲಿ ಸಿಬ್ಬಂದಿಯನ್ನು ನಿಭಾಯಿಸಿದ ಒಂದು ಉದಾಹರಣೆ ಕೊಡಿ ಎಂದು ಕೇಳಿದ್ದರಂತೆ. ಉಳಿದ ಅಭ್ಯರ್ಥಿಗಳೆಲ್ಲ ಏನೇನೋ ಬರೆದಿದ್ದರು, ಇವಳ ಉತ್ತರ ಮಾತ್ರ ಈಗಷ್ಟೇ ನಡೆದ ಹಾಗಿತ್ತು ಎಂದು ಅಧ್ಯಕ್ಷೆ ಹೇಳಿದರು. ಅವರಿಗೆ ಒಂದು ವಾಕ್ಯ ಬಾಯಿಪಾಠವೇ ಆಗಿತ್ತು.

"'ಒಳ್ಳೆ ಮನಸ್ಸಿನ, ಆದರೆ ಗಾಬರಿಗೊಂಡ ವ್ಯಕ್ತಿಗೆ ಬೈಯಬಾರದು. ಅಗತ್ಯವಿಲ್ಲದ, ಆದರೆ ದೂರದ ಕೆಲಸಗಳನ್ನು ಒಂದರ ಹಿಂದೊಂದು ಕೊಡುತ್ತಿರಬೇಕು.' ಅರ್ಜಿಗೆ ಕಾಗದವೇ ಬೇಕಿರಲಿಲ್ಲ ನೋಡಿ, ಎಲ್ಲಾ ಕಂಪ್ಯೂಟರಲ್ಲೇ. ನಮ್ಮ ಹೊಸಬರ ತರಬೇತಿಗೆ ಇದನ್ನೇ ಇಟ್ಕೊಂಡಿದೀವಿ."

ನಾನು ಲೋಟ ಹಿಡಿದು ಹೆಂಡತಿಯನ್ನು ಹುಡುಕಿಕೊಂಡು ಹೋದೆ. ಅವಳು ಹೊಸ ಮೇಜಿನ ಹಿಂದೆ ನಿಂತು ಯಾರ ಜೊತೆಗೋ ಮಾತಾಡುತ್ತಿದ್ದಳು. ನನ್ನ ಮುಖ ನೋಡಿದಳು. ಕೇಳಬೇಕೆಂದಿದ್ದ ಮಾತು ನನ್ನ ಗಂಟಲಿಗೆ ಬರುವಷ್ಟರಲ್ಲಿ ಅವಳೇ ಬಹಳ ಪ್ರೀತಿಯಿಂದ ಹೇಳಿದಳು:

"ರೀ, ಕೆಳಗಡೆ ಬಾಗಿಲ ಹತ್ರ ನನ್ನ ಛತ್ರಿ ಬಿಟ್ಟಿದೀನೇನೋ, ಸ್ವಲ್ಪ ನೋಡ್ಕೊಂಡು ಬರ್ತೀರಾ?"

ಹೊರಟೆ. ಅವಳು ಮನೆಯಿಂದ ಛತ್ರಿಯನ್ನೇ ತಂದಿರಲಿಲ್ಲ ಎಂಬುದು ಮೊದಲ ಮಹಡಿಯ ತಿರುವಿನಲ್ಲಿ ನೆನಪಾಯಿತು. ಅಲ್ಲೇ ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಕೆಳಗಿಳಿದು, ಬಾಗಿಲ ಹಿಂದೆಯೂ ಒಮ್ಮೆ ನೋಡಿ ಬಂದೆ.