ಈಸಲು ಹುಳವೂ ಇನ್ನೂರು ವ್ಯಾಟಿನ ಬಲ್ಬೂ

ಬೆಳಕಿದ್ದ ಕಡೆ ಗಿರಾಕಿ ಬರುತ್ತಾರೆ! ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಇಷ್ಟು ದೊಡ್ಡ ಸತ್ಯವನ್ನು ಸ್ವಂತ ಬುದ್ಧಿಯಿಂದ ಕಂಡುಹಿಡಿದೆನೆಂದು ಹಿಗ್ಗುತ್ತಿದ್ದ ಕಾಲ ಅದು. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಮುಂದೆ ನನ್ನದೊಂದು ಮಂಡಕ್ಕಿ ಮಿರ್ಚಿಯ ಗಾಡಿ. ಪಕ್ಕದಲ್ಲೇ ನನ್ನ ತಮ್ಮ ತಿಪ್ಪೇಶಿಯ ಗಾಡಿ. ಅವನ ಗಾಡಿಯ ಮುಂದೆ ಜನ. ನನ್ನ ಗಾಡಿಯ ಮುಂದೆ ಒಂದು ಆಕಳು.

ಇದಕ್ಕೆಲ್ಲ ಮೂಲ ಓಬಣ್ಣ. ಸಂಜೆ ಮೊಳಕಾಲ್ಮೂರಿಗೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್. ಅವನು ಯಾರ ಬೆಂಚಿನ ಮೇಲೆ ಕೂರುತ್ತಾನೋ ಇಡೀ ಬಸ್ಸು ಇಳಿದು ಅಲ್ಲೇ ತಿನ್ನುತ್ತದೆ. ಅವನು ಕೂರುತ್ತಿದ್ದುದು ತಿಪ್ಪೇಶಿಯ ಬೆಂಚಿನ ಮೇಲೆ! ನೋಡಿ ನೋಡಿ ನನಗೆ ನಿದ್ದೆ ಹತ್ತದಾಯಿತು. ಅವನನ್ನು ನನ್ನ ಬೆಂಚಿಗೆ ಎಳೆಯಲೇಬೇಕೆಂದು ಪಣ ತೊಟ್ಟು ಇನ್ನೂರು ವ್ಯಾಟಿನ ಬಲ್ಬು ತಂದೆ.

"ಜನ ಬಲ್ಬು ತಿನ್ನಾಕೆ ಬರ್ತಾರೇನ್ರಿ?" ಎಂದಳು ಹೆಂಡತಿ. ಹೆಂಗಸರಿಗೆ ವ್ಯಾಪಾರದ ಗುಟ್ಟು ಎಲ್ಲಿ ತಿಳಿಯಬೇಕು!

ಮರುದಿನ ಮುಂಗಾರಿನ ಮೊದಲ ಮಳೆ ಬಿತ್ತು. ಮಳೆ ನಿಂತ ಸಂಜೆ ನೆಲದೊಳಗಿಂದ ಈಸಲು ಹುಳ ಎದ್ದು, ರೆಕ್ಕೆ ಬಡಿಯುತ್ತ ದೀಪಕ್ಕೆ ಮುತ್ತುತ್ತವೆ. ಅದಕ್ಕೆ ಗಾಡಿಯವರದೊಂದು ಕಟ್ಟಳೆಯಿದೆ. ಆ ಹೊತ್ತು ಎಲ್ಲರೂ ದೀಪ ಆರಿಸಿ, ಕರಿದದ್ದನ್ನು ಮುಚ್ಚಿಟ್ಟು ಸುಮ್ಮನೆ ಕೂರಬೇಕು. ಮೂಲೆಯ ಕಂಬದ ದೀಪದ ಕೆಳಗೆ ನೀರಿನ ಬೋಗುಣಿ ಇಡಬೇಕು. ಹುಳವೆಲ್ಲ ಅಲ್ಲಿಗೆ ಹೋಗಿ ನೀರಿಗೆ ಬೀಳುತ್ತವೆ. ಆಮೇಲೆ ವ್ಯಾಪಾರ.

"ಅಣ್ಣಾ, ಲೈಟ್ ಆರ್ಸು, ಈಸ್ಲು ಎದ್ದಾವೆ" ಎಂದ ತಿಪ್ಪೇಶಿ, ತನ್ನದನ್ನು ಆರಿಸುತ್ತ.

ನಾನೂ ಆರಿಸಿದೆ. ಅಷ್ಟರಲ್ಲಿ ಮೊಳಕಾಲ್ಮೂರು ಬಸ್ಸು ಬಂತು. ಸಾಲಿನ ಗಾಡಿಗಳೆಲ್ಲ ಕತ್ತಲು. ಇಂಥ ಮುಹೂರ್ತ ಮತ್ತೆ ಸಿಗದು! ಸ್ವಿಚ್ ಒತ್ತಿಯೇಬಿಟ್ಟೆ.

ಓಬಣ್ಣ ನೇರವಾಗಿ ನನ್ನ ಬೆಂಚಿಗೇ ಬಂದ. ಹಿಂದೆಯೇ ಇಡೀ ಬಸ್ಸು. ನಾನು ತಮ್ಮನ ಕಡೆ ನೋಡಿ ಮೀಸೆ ತಿರುವಿದೆ.

ಮೀಸೆಯಲ್ಲಿ ಒಂದು ಹುಳ ಸಿಕ್ಕಿತು.

ಆಮೇಲೆ ಬಂದವಕ್ಕೆ ಲೆಕ್ಕವಿಲ್ಲ. ಹಿಟ್ಟಿನಲ್ಲಿ ಈಸಲು, ಎಣ್ಣೆಯಲ್ಲಿ ಈಸಲು, ಓಬಣ್ಣನ ಖಾಕಿ ಅಂಗಿಯೊಳಗೂ ಈಸಲು! ಹೆಂಗಸರು ಸೆರಗು ಕೊಡವಿದರು, ಮಕ್ಕಳು ಕಿರುಚಿದವು. ನನ್ನಿವಾಳ ಊರಿನ ಅಜ್ಜನೊಬ್ಬ ಮಾತ್ರ ತಟ್ಟೆ ಚಾಚಿ, "ಈಸ್ಲು ಹಾಕಿದ ಮಂಡಕ್ಕಿ ತಿಂದು ಬಾಳ ವರ್ಸ ಆಗಿತ್ತಪ್ಪಾ, ಇನ್ನೊಂಚೂರು ಹಾಕು" ಎಂದ.

"ಏಮಯ್ಯಾ, ಇದೇನು ಮಿರ್ಚಿ ಗಾಡಿನೋ, ಹುತ್ತಾನೋ?" ಎಂದು ಓಬಣ್ಣ ಎದ್ದ. ಇನ್ನು ಜನ್ಮದಲ್ಲಿ ಅವನು ನನ್ನ ಬೆಂಚಿಗೆ ಬರುವುದಿಲ್ಲ!

ಅಷ್ಟರಲ್ಲಿ ಬಲ್ಬು ಆರಿತು. ಆರಿಸಿದವನು ತಿಪ್ಪೇಶಿ. ಮುಚ್ಚಿಟ್ಟಿದ್ದ ತನ್ನ ಮಿರ್ಚಿಯ ಬುಟ್ಟಿಯನ್ನು ಕತ್ತಲಲ್ಲೇ ನನ್ನ ಗಾಡಿಗೆ ತಂದು, "ಕುಂದ್ರಿ ಓಬಣ್ಣಾರೆ. ನಿಮಗೇ ಅಂತ ನಮ್ಮಣ್ಣ ಮೊದ್ಲೇ ಕರ್ದು ಮುಚ್ಚಿಟ್ಟಿದ್ದ" ಎಂದು ಎಲ್ಲರಿಗೂ ಹಂಚಿದ.

ಓಬಣ್ಣ ಒಂದನ್ನು ಕಚ್ಚಿ ತಲೆದೂಗಿದ. "ನಿನ್ನ ಕೈಯಾಗೆ ಇಂಥಾ ರುಚಿ ಐತೇನಯ್ಯಾ! ಇನ್ಮೇಲೆ ಇಲ್ಲೇ ಕೂರ್ತೀನಿ."

ಇದು ತಮ್ಮ ಕರಿದದ್ದು ಎಂದು ಹೇಳಲು ಬಾಯಿ ತೆರೆದೆ. "ಇನ್ನೆರಡು ಹಾಕ್ಲಾ?" ಎಂದೆ.

ಬಸ್ಸು ಹೋಯಿತು. ಗೆದ್ದವನು ನಾನು, ಬೆವರುತ್ತಿದ್ದವನೂ ನಾನೇ. ನಾಳೆ ಓಬಣ್ಣ ಬರುತ್ತಾನಲ್ಲ! ನಾಚಿಕೆ ಬಿಟ್ಟು ತಮ್ಮನ ಹತ್ತಿರ ಹೋದೆ.

"ತಿಪ್ಪೇಶಿ, ಹಿಟ್ಟಿಗೆ ಏನ್ ಹಾಕ್ತೀಯಲೇ?"

"ಏನಣ್ಣಾ, ನೀನೇ ಕಲಿಸಿದ್ದಲ್ವಾ? ಓಂಕಾಳು ಉಜ್ಜಿ ಹಾಕು, ಕಾದ ಎಣ್ಣೆ ಒಂದ್ ಚಮಚ ಹಾಕು, ಬಾಣಲೆ ಬಿಟ್ಟು ಅತ್ತಾಗಿತ್ತಾಗೆ ನೋಡಬ್ಯಾಡ ಅಂತ."

ಮೊದಲೆರಡನ್ನು ನಾನು ಒಂದು ದಿನವೂ ತಪ್ಪಿಸಿದವನಲ್ಲ. ಮೂರನೆಯದೇ ನನ್ನಿಂದಾಗದು. ತಮ್ಮ ಈ ಮಾತು ಹೇಳುತ್ತಿದ್ದಾಗಲೂ ನನ್ನ ಕಣ್ಣು ಇದ್ದದ್ದು ಅವನ ಗಾಡಿಯ ಮುಂದೆ ಆಗತಾನೇ ಬಂದು ನಿಂತ ಗಿರಾಕಿಯ ಮೇಲೆ!