ಕ್ಯಾಸೆಟ್ಟಿನ ಹೆಂಗಸು

ಜಗಳ ಶುರುವಾದದ್ದು ಪೊರಕೆಯಿಂದ. ಡೆಸ್ಸಿ ಬೆಳಿಗ್ಗೆ ಜಗಲಿ ಗುಡಿಸಲು ಹೋದರೆ ಪೊರಕೆಯ ಬುಡ ಮಾತ್ರ ಮೂಲೆಯಲ್ಲಿ ಕೂತಿತ್ತು. ಉದ್ದನೆಯ ಹಿಡಿ ಇರಲಿಲ್ಲ. ಅದಕ್ಕೇನೂ ಪತ್ತೇದಾರರು ಬರಬೇಕಿರಲಿಲ್ಲ. ಜೂನ್ ಬಂತೆಂದರೆ ಆ ಹಿಡಿ ಗಂಡ ಎಸ್ಟಿಲ್‌ನ ತೊಡೆಯ ಮೇಲಿರುತ್ತದೆ. ಅವನು ಅದರ ತುದಿಗೆ ಮೈಕು ಇಟ್ಟು ಕಪ್ಪು ಅಂಟುಪಟ್ಟಿ ಸುತ್ತುತ್ತಾನೆ. ಶನಿವಾರ ಬ್ಲೂಗ್ರಾಸ್ ಸಂಗೀತದ ಮೇಳದಲ್ಲಿ ಅದನ್ನು ಜನರ ತಲೆಗಳ ಮೇಲೆ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು, ಹಾಡನ್ನು ಕ್ಯಾಸೆಟ್ಟಿಗೆ ತುಂಬಿಸುತ್ತಾನೆ. (ಚರ್ಚಿನಲ್ಲಿ ಅವನು ಅಷ್ಟು ಅಲುಗಾಡದೆ ಕೂತದ್ದನ್ನು ಕೆಂಟಕಿಯ ಆ ಕಣಿವೆಯಲ್ಲಿ ಯಾರೂ ನೋಡಿಲ್ಲ.)

ಆ ದಿನವೂ ಜಗಲಿಯಲ್ಲಿ ಹಳೆಯ ಕ್ಯಾಸೆಟ್ ಓಡುತ್ತಿತ್ತು. ಎಸ್ಟಿಲ್ ಬೆರಳೆತ್ತಿ ವ್ಯಾಖ್ಯಾನಕ್ಕೆ ತೊಡಗಿದ. ವೇದಿಕೆಯಲ್ಲಿ ಎಲ್ಲರಿಗೂ ಇರುವುದು ಒಂದೇ ಮೈಕು, ಈಗ ಪಿಟೀಲಿನವನು ಹಿಂದೆ ಸರಿದು ಬ್ಯಾಂಜೋದವನಿಗೆ ದಾರಿ ಬಿಡುತ್ತಾನೆ, ಕಿವಿ ಇದ್ದವರಿಗೆ ಆ ಹೆಜ್ಜೆಯೂ ಕೇಳಿಸುತ್ತದೆ ಎಂದ. ಡೆಸ್ಸಿಗೆ ಕೇಳಿಸಿದ್ದು ಚಮಚದ ಡಬ್ಬಿ ಮೆಟ್ಟಿಲಿನಿಂದ ಉರುಳಿದ ಸದ್ದು. ಹಾಗೆಂದೇ ಹೇಳಿದಳು.

"ಮಲಗೋ ಮುಂಚೆ ನನ್ನ ಹಿಡಿ ಹಾಕಿಕೊಡು."

"ಶನಿವಾರ ಕಳೀಲಿ, ಹಾಕಿಕೊಡ್ತೀನಿ ಮಾರಾಯ್ತಿ. ನಾಲ್ಕು ಎಲೆ ಬಿದ್ರೆ ಜಗಲಿ ಕುಸಿದು ಹೋಗಲ್ಲ."

ಮರುದಿನ ಬೂಟಿನ ದಾರ ಕಟ್ಟಲು ಬಗ್ಗಿದವನು ಏಳಲಿಲ್ಲ. ಗುಂಡಿಗೆ ನಿಂತುಹೋಗಿತ್ತು. ಶನಿವಾರ ಅವನಿಲ್ಲದೆ ಮೇಳಕ್ಕೆ ಹೋಗಿದ್ದವರೆಲ್ಲ ಬಿಸಿಲಿಗೆ ಕೆಂಪಾದ ಮುಖದಲ್ಲೇ ಅವನನ್ನು ಹೂಳಲು ಬಂದರು.

ಜನ ಹುರಿದ ಕೋಳಿ ತಂದರು, ಅತ್ತರು, ಹೋದರು. ಡೆಸ್ಸಿ ಹಿಡಿ ಹಾಕಿಕೊಳ್ಳಲಿಲ್ಲ. ಹಾಕಿಕೊಡುತ್ತೇನೆ ಎಂದವನೇ ಹಾಕಲಿ ಎಂಬ ಹಟ. ಬರೀ ಬುಡ ಹಿಡಿದು, ಸೊಂಟ ಬಗ್ಗಿಸಿ ಜಗಲಿ ಗುಡಿಸಿದಳು. ಸೊಂಟ ಹಿಡಿದುಕೊಂಡಿತು. ಹಟ ಬಿಡಲಿಲ್ಲ.

ಅವಳಿಗೆ ಬೇಕಾದದ್ದು ಒಂದೇ, ಅವನ ದನಿ. ಫೋಟೋ ಬೇಕಾದಷ್ಟಿದ್ದವು. ಫೋಟೋದಲ್ಲಿ ಬಾಯಿ ಮುಚ್ಚಿರುತ್ತದೆ. ಆಗ ಒಂದು ಮಹಾ ಉಪಾಯ ಹೊಳೆಯಿತು. ನೆಲಮಾಳಿಗೆಯಲ್ಲಿ ಅವಳ ಹುರುಳಿಕಾಯಿ ಭರಣಿಗಳು ಇರಬೇಕಾದ ಕಪಾಟಿನ ತುಂಬ ಅವನ ಕ್ಯಾಸೆಟ್ಟುಗಳಿದ್ದವು. ಅಷ್ಟರಲ್ಲಿ ಒಂದರಲ್ಲಾದರೂ ಮನುಷ್ಯ ಬಾಯಿ ಬಿಟ್ಟಿರಬೇಕಲ್ಲ.

ಬಿಟ್ಟಿರಲಿಲ್ಲ. ಹುರುಳಿಕಾಯಿ ಮುರಿಯುತ್ತ ಕ್ಯಾಸೆಟ್ಟಿನ ಮೇಲೆ ಕ್ಯಾಸೆಟ್ ಕೇಳಿದಳು. ಪಿಟೀಲು ಇತ್ತು, ಚಪ್ಪಾಳೆ ಇತ್ತು, ಯಾರದೋ ನಾಯಿ ಇತ್ತು. ಎಸ್ಟಿಲ್ ಒಂದು ಸಲ ಕೆಮ್ಮಿರಲೂ ಇಲ್ಲ. ಕೊನೆಗೆ ಒಂದರಲ್ಲಿ, ಬ್ಯಾಂಜೋ ಕುದುರೆಯ ಹಾಗೆ ನೆಗೆಯುವ ಹೊತ್ತಿಗೆ ಸರಿಯಾಗಿ, ಒಬ್ಬ ಹೆಂಗಸು ಮಾತಾಡಿದಳು. ಎಣ್ಣೆ ಕಾಣದ ಬಾಗಿಲಿನಂಥ ದನಿ.

"ಟೋಪಿ ಹಾಕ್ಕೋ. ಬೋಳುತಲೆ ಬೆಂದು ಟೊಮೇಟೊ ಆಗಿದೆ."

ಹಿಂದೆಯೇ ಗಂಡಸಿನ ನಗು. ತುಟಿ ಬಿಗಿದು ಮೂಗಿನಲ್ಲೇ ತಡೆದ ಪುಟ್ಟ ನಗು. ಡೆಸ್ಸಿಯ ಕೈ ನಿಂತಿತು. ಅದು ಎಸ್ಟಿಲ್‌ನ ಮೂಗು. ಅಂತೂ ಸಿಕ್ಕಿದ. ಪಕ್ಕದಲ್ಲಿ ಒಬ್ಬಳನ್ನು ಕೂರಿಸಿಕೊಂಡು ಸಿಕ್ಕಿದ.

ಮುಂದಿನ ಕ್ಯಾಸೆಟ್ಟುಗಳಲ್ಲೂ ಅವಳೇ. ಕಾಲು ಕುಣಿಸಬೇಡ ಅಂತಾಳೆ, ಕೋಳಿ ಸರಿಯಾಗಿ ಅಗಿ ಅಂತಾಳೆ. ಪ್ರತಿ ಸಲವೂ ಇವನ ಮೂಗು ನಗುತ್ತದೆ. ಡೆಸ್ಸಿಗೆ ಈಗ ಅರ್ಥವಾಯಿತು. ಪ್ರತಿ ಮೇಳದಲ್ಲೂ ಡೆಸ್ಸಿ ಚರ್ಚಿನ ಹೆಂಗಸರ ಜೊತೆ ಸೇಬು ತುಂಬಿ ಬೇಯಿಸಿದ ಪೈ ಮಾರಲು ಸ್ವಲ್ಪ ಹೊತ್ತು ಎದ್ದು ಹೋಗುತ್ತಿದ್ದಳು. ದೇವರ ಸೇವೆಗೆಂದು ತಾನು ಬಿಟ್ಟೆದ್ದ ಕುರ್ಚಿಯಲ್ಲಿ ಈ ಕೀರಲು ದನಿಯ ಮಹಾರಾಣಿಯ ಪಟ್ಟಾಭಿಷೇಕ ಆಗಿದೆ. ತಾನು ಬೈದಾಗ ಅವನು ಹೀಗೆ ನಕ್ಕದ್ದು ಡೆಸ್ಸಿಗೆ ನೆನಪೇ ಇಲ್ಲ. (ಬೈಯುವಾಗ ಅವಳು ಅವನ ಮುಖ ನೋಡುತ್ತಿರಲಿಲ್ಲ, ಟೋಪಿ ಹುಡುಕುತ್ತಿರುತ್ತಿದ್ದಳು.)

ಊಟದ ಮೇಜಿನ ಬಳಿಯ ಅವನ ಕುರ್ಚಿಯನ್ನು ಗೋಡೆಗೆ ಮುಖ ಮಾಡಿಸಿ ಇಟ್ಟಳು. ಆ ವಾರ ಸಮಾಧಿಗೆ ಹೂ ಒಯ್ಯಲಿಲ್ಲ. ಆ ಮಹಾರಾಣಿಯೇ ಒಯ್ಯಲಿ ಎಂದುಕೊಂಡಳು.

ಆಮೇಲೆ ಲೂಥರ್ ಕ್ಯಾಂಟ್ರೆಲ್‌ಗೆ ಹೇಳಿಕಳಿಸಿದಳು. ಲೂಥರ್ ಗಂಡನ ಗೆಳೆಯ. ಮೇಳದಲ್ಲಿ ತನ್ನದೇ ಮೈಕಿನ ಕೋಲು ಎತ್ತಿ ಪಕ್ಕದಲ್ಲೇ ಕೂರುತ್ತಿದ್ದವನು, ಎಸ್ಟಿಲ್‌ನ ಕ್ಯಾಸೆಟ್ಟಿನ ನಕಲುಗಳನ್ನು ಊರೂರಿಗೆ ಹಂಚಿದವನು. ಬಂದು ಟೋಪಿ ತೆಗೆದು ಕೂತ. ಡೆಸ್ಸಿ ಕಾಫಿ ಕೊಡಲಿಲ್ಲ. ಕ್ಯಾಸೆಟ್ ಹಾಕಿದಳು. ಟೊಮೇಟೊವರೆಗೆ ಓಡಿಸಿ ನಿಲ್ಲಿಸಿದಳು.

"ಯಾರು ಇವಳು? ಸುಳ್ಳು ಹೇಳಿದ್ರೆ ನಿನ್ನ ಹೆಂಡ್ತಿಗೂ ಇದನ್ನ ಕೇಳಿಸ್ತೀನಿ."

"ಡೆಸ್ಸಕ್ಕ, ನನ್ನ ಹೆಂಡ್ತಿಗೆ ಇದು ಬಾಯಿಪಾಠ. ಬ್ಯಾಂಜೋ ಬರೋ ಹೊತ್ತಿಗೆ ಅವಳೂ ಜೊತೇಲಿ ಹೇಳ್ತಾಳೆ."

"ಹಾಗಾದ್ರೆ ಊರಿಗೆಲ್ಲ ಗೊತ್ತು. ನನಗೊಬ್ಬಳಿಗೇ ಗೊತ್ತಿಲ್ಲ."

"ವರ್ಜೀನಿಯಾಕ್ಕೂ ಗೊತ್ತು, ಟೆನೆಸಿಗೂ ಗೊತ್ತು," ಎಂದು ಲೂಥರ್ ತಲೆ ಕೆರೆದುಕೊಂಡ. "ಅದು ನೀನೇ ಅಕ್ಕ."

ಡೆಸ್ಸಿ ಅವನನ್ನು ನೋಡಿದಳು. ಯಂತ್ರವನ್ನು ನೋಡಿದಳು.

"ನನ್ನ ದನಿ ಹಾಗಿಲ್ಲ."

ಲೂಥರ್ ಕೈಯಲ್ಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಹಾಗೇ ಇದೆ."

ಮಿಕ್ಕದ್ದನ್ನು ಅವನು ನೆಲ ನೋಡುತ್ತ ಹೇಳಿದ. ನಕಲು ಪಡೆದವರು ಮೊದಮೊದಲು ದೂರಿದರಂತೆ, ಒಳ್ಳೇ ಜಾಗದಲ್ಲೇ ಈ ಹೆಂಗಸು ಬಾಯಿ ಹಾಕುತ್ತಾಳೆ ಎಂದು. ಒಬ್ಬ ತನ್ನ ಯಂತ್ರದಿಂದ ಆ ಮಾತನ್ನೆಲ್ಲ ಅಳಿಸಿಕೊಡುತ್ತೇನೆ, ಬರೀ ಹಾಡು ಉಳಿಯುತ್ತದೆ ಎಂದನಂತೆ. ಎಸ್ಟಿಲ್ ಕ್ಯಾಸೆಟ್ ಕೊಡಲಿಲ್ಲ. ಬ್ಯಾಂಜೋ ಬೇಕಾದಷ್ಟು ಕಡೆ ಸಿಗುತ್ತೆ ಎಂದುಬಿಟ್ಟನಂತೆ.

ಡೆಸ್ಸಿ ಎದ್ದು ಕಾಫಿ ಮಾಡಿದಳು. ಜೋಳದ ರೊಟ್ಟಿಯನ್ನೂ ಇಟ್ಟಳು. ಲೂಥರ್ ತಿನ್ನುವಾಗ ಚೂರು ಚೆಲ್ಲಬೇಡ ಎಂದು ಬೈದಳು. ಬೈದ ದನಿ ತನ್ನ ಕಿವಿಗೇ ಬಿದ್ದು ಬಾಯಿ ಮುಚ್ಚಿದಳು. ಲೂಥರ್ ಕಾಫಿ ಲೋಟದ ಹಿಂದೆ ಮುಖ ಮರೆಸಿಕೊಂಡ.

ಅವನು ಹೋದ ಮೇಲೆ ಕುರ್ಚಿಯನ್ನು ಮೇಜಿನ ಕಡೆ ತಿರುಗಿಸಿದಳು. ಮರುದಿನ ಸಮಾಧಿಗೆ ಎರಡು ವಾರದ ಹೂವನ್ನು ಒಟ್ಟಿಗೆ ಒಯ್ದಳು. ನನ್ನ ದನಿ ಇಷ್ಟು ಕೆಟ್ಟದಾಗಿದೆ ಅಂತ ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ ನೀನು ಎಂದು ಅಲ್ಲೂ ಜಗಳ ಆಡಿ ಬಂದಳು. ಮನೆಗೆ ಬಂದವಳೇ ಮೈಕು ಬಿಚ್ಚಿ, ಹಿಡಿಯನ್ನು ಪೊರಕೆಗೆ ತಾನೇ ತಿರುಗಿಸಿ ಹಾಕಿಕೊಂಡಳು.

ಈಗ ದಿನಾ ಬೆಳಿಗ್ಗೆ ಕ್ಯಾಸೆಟ್ ಹಾಕಿ ಜಗಲಿ ಗುಡಿಸುತ್ತಾಳೆ. ಹಿಡಿಯಲ್ಲಿ ಉಳಿದ ಕಪ್ಪು ಪಟ್ಟಿ ಅಂಗೈಗೆ ಮೆತ್ತುತ್ತದೆ. ದಿನಾ ಗೊಣಗುತ್ತಾಳೆ, ಕೀಳುವುದಿಲ್ಲ. ಪಿಟೀಲು ಹಿಂದೆ ಸರಿಯುತ್ತದೆ. (ಸರಿಯುವ ಹೆಜ್ಜೆ ಅವಳಿಗೆ ಇನ್ನೂ ಕೇಳಿಸಿಲ್ಲ.) ಬ್ಯಾಂಜೋ ನೆಗೆಯುವ ಹೊತ್ತಿಗೆ ಗುಡಿಸುವುದನ್ನು ನಿಲ್ಲಿಸುತ್ತಾಳೆ. ಪೊರಕೆಯ ಸದ್ದಿನಲ್ಲಿ ಅವನ ಮೂಗು ಕೇಳಿಸುವುದಿಲ್ಲ. ಆ ಹೆಂಗಸು ಟೋಪಿ ಹಾಕ್ಕೋ ಅಂತಾಳೆ. ಡೆಸ್ಸಿ ಕಾಯುತ್ತಾಳೆ. ನಗು ಬಂದು ಹೋದ ಮೇಲೆ ಮೆಟ್ಟಿಲು ಗುಡಿಸುತ್ತಾಳೆ.